ಪೂರ್ತಿ ತಾಂಬೂಲ

ಹೇಮಾವತಿ ಹೊಳೆಯ ದಡದಲ್ಲಿ ಗವಿರಂಗಯ್ಯ ಅಂತ ಒಬ್ಬ ಪಿಟೀಲು ಗುರುಗಳಿದ್ದರು. ಅವರ ಹತ್ತಿರ ಅಂಬುಜ ಅನ್ನುವ ಹುಡುಗಿ ಪಾಠಕ್ಕಿದ್ದಳು.

ಹುಡುಗಿ ಅಂದರೆ, ಬಂದಾಗ ಹುಡುಗಿ. ಪಿಟೀಲೇ ಅವಳನ್ನು ಎತ್ತಿಕೊಂಡು ಬಂದಂತೆ ಕಾಣುತ್ತಿತ್ತು. ಈ ಕಥೆಯ ಹೊತ್ತಿಗೆ ಅವಳು ಸೆರಗು ಹೊದ್ದು ಸಭೆಯಲ್ಲಿ ಕೂರುವಷ್ಟು ದೊಡ್ಡವಳಾಗಿದ್ದಳು.

ಶುರುವಿನಲ್ಲಿ ಗುರುಗಳು ಕಲಿಸಿದ್ದು ಒಂದೇ ಕೆಲಸ. ಕಮಾನು ಎಳೆಯುವುದು. ಬರೀ ತಂತಿಯ ಮೇಲೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ.

"ಗುರುಗಳೇ, ಬೆರಳು ಯಾವಾಗ ಇಡಲಿ?"

"ಇಡಬೇಕು ಅನ್ನೋ ಆಸೆ ಹೋದಾಗ."

ಅವಳ ಆಸೆ ಹೋಗಲಿಲ್ಲ. ಗುರುಗಳೇ ಸೋತು ಬೆರಳು ಇಡಿಸಿದರು.

ಬೆರಳು ಇಟ್ಟಳೋ ಇಲ್ಲವೋ, ಕಷ್ಟ ಶುರುವಾಯಿತು. ಸ್ವರ ಕೂದಲೆಳೆಯಷ್ಟು ಜಾರಿದರೂ ಗುರುಗಳು ಒಳಮನೆಯಿಂದಲೇ ಕೂಗುತ್ತಿದ್ದರು.

"ಯಾರದು, ನನ್ನ ಮನೇಲಿ ಕೂತು ಸುಳ್ಳು ಹೇಳ್ತಿರೋರು?"

ಹಾಗೆ ಬೈಸಿಕೊಂಡು ಬೈಸಿಕೊಂಡು ಅಂಬುಜಳ ಕೈ ಸುಳ್ಳನ್ನೇ ಮರೆತುಬಿಟ್ಟಿತು. ಅವಳ ಪಿಟೀಲಿನ ಶ್ರುತಿಗೆ ಊರವರು ತಮ್ಮ ತಂಬೂರಿ ಕೂಡಿಸಿಕೊಳ್ಳುತ್ತಿದ್ದರು ಅಂದರೆ ನೋಡಿ.

ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಹಾರ ಬೇಡ, ಬಿರುದು ಬೇಡ. ಸುತ್ತ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಬೇಕು.

ಪುಣ್ಯಕ್ಕೆ ಪೇಟೆಯ ಹೆಣ್ಣುಮಕ್ಕಳ ಪಾಠಶಾಲೆಯವರೇ ಕೇಳಿಕೊಂಡು ಬಂದರು. "ನಮ್ಮಲ್ಲಿ ಪಿಟೀಲು ಕಲಿಸೋಕೆ ಅಂಬುಜಮ್ಮನೇ ಬರಬೇಕು. ಆದರೆ ಗವಿರಂಗಯ್ಯನವರು ಹೂಂ ಅನ್ನಬೇಕು."

ಗುರುಗಳು ಹೂಂ ಅನ್ನಲಿಲ್ಲ.

"ರಾಮೋತ್ಸವಕ್ಕೆ ಅಣ್ಣಾಜಪ್ಪ ಹಾಡ್ತಾನೆ. ಹೋಗಿ ಅವನ ಪಕ್ಕ ಕೂತು ನುಡಿಸು. ಅವನು ಅರ್ಧ ತಾಂಬೂಲ ಕೊಟ್ಟರೆ ಆಮೇಲೆ ಮಾತು."

ಆ ಸೀಮೆಯ ಪದ್ಧತಿ ಅದು. ಕಚೇರಿ ಮುಗಿದ ಮೇಲೆ ತಾಂಬೂಲದ ತಟ್ಟೆ ಮೊದಲು ಹಾಡಿದವರ ಕೈಗೆ ಹೋಗುತ್ತದೆ. ಅವರು ಎಲೆ ಅಡಿಕೆಯಲ್ಲಿ ಅರ್ಧ ತಾವಿಟ್ಟುಕೊಂಡು, ಅರ್ಧ ಪಿಟೀಲಿನವರ ಕೈಗೆ ಹಾಕುತ್ತಾರೆ. ಹಾಕಿದರೆ ಒಪ್ಪಿದರು ಅಂತ. ಬರೀ ಕೈ ಮುಗಿದು ಎದ್ದರೆ, ಇನ್ನಷ್ಟು ಕಲಿತು ಬಾ ಅಂತ.

ಅಣ್ಣಾಜಪ್ಪ ಅಂದರೆ ಹಳೆಯ ಕಾಲದ ಹಾಡುಗಾರರು. ಆ ಕಡೆ ರಾಮೋತ್ಸವ ಅಂದರೆ ಪಾನಕ, ಕೋಸಂಬರಿ, ಅಣ್ಣಾಜಪ್ಪ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಜನ ರಾಮದೇವರನ್ನೇ ಬೈದುಕೊಂಡು ಹೋಗುತ್ತಿದ್ದರು.

ಕಚೇರಿಯ ಸಂಜೆ ಅಂಬುಜ ನಡುಗುತ್ತಾ ಹೋಗಿ ನಮಸ್ಕಾರ ಮಾಡಿದಳು.

"ಏಳು ಮಗಳೇ, ಏಳು. ಏನು, ನಿಮ್ಮ ಮೇಷ್ಟ್ರು ಈಗಲೂ ಬೈತಾನೋ, ಹಲ್ಲು ಬಿದ್ದಮೇಲೆ ಬಿಟ್ಟನೋ?"

"ಹಲ್ಲಿಲ್ಲದೇನೇ ಬೈತಾರೆ."

"ಭೇಷ್! ಹಾಗಿದ್ದರೆ ಇನ್ನೂ ಬದುಕ್ತಾನೆ ಬಿಡು."

ನಡುಕ ಅರ್ಧ ಹೋಯಿತು. ಕಚೇರಿ ಶುರುವಾಯಿತು.

ಅಣ್ಣಾಜಪ್ಪ ಹಾಡಿದರು, ಅಂಬುಜ ಹಿಂದೆಯೇ ನುಡಿಸಿದಳು. ತಾಯಿ ತುತ್ತು ಇಟ್ಟ ಹಾಗೆ ಅವರು ಇಡುವುದು, ಮಗು ತೆಗೆದುಕೊಂಡ ಹಾಗೆ ಇವಳು ತೆಗೆದುಕೊಳ್ಳುವುದು. ಜನ ತಲೆದೂಗಿದರು.

ಆಮೇಲೆ ದರ್ಬಾರು ರಾಗ ಎತ್ತಿಕೊಂಡರು.

ದರ್ಬಾರಿಗೊಂದು ನೆರೆಮನೆ ಉಂಟು. ನಾಯಕಿ ಅಂತ ರಾಗ. ಎರಡೂ ಒಂದೇ ಗೋಡೆಯ ಎರಡು ಮನೆ, ಸ್ವರಗಳೆಲ್ಲ ಅವವೇ. ದರ್ಬಾರಿನಲ್ಲಿ ಇಳಿದು ಬರುವಾಗ ಗಾಂಧಾರ ಅನ್ನುವ ಸ್ವರವನ್ನು ಎರಡು ಸಲ ಒತ್ತಬೇಕು. ನಾಯಕಿಯಲ್ಲಿ ಹಾಗೆ ಒತ್ತುವಂತಿಲ್ಲ, ಮೆಲ್ಲಗೆ ಮುಟ್ಟಿ ಬಿಡಬೇಕು. ಅಷ್ಟೇ ವ್ಯತ್ಯಾಸ. ಆದರೆ ಅಷ್ಟು ತಪ್ಪಿದರೆ ಮನೆಯೇ ತಪ್ಪಿದಂತೆ.

ಅಣ್ಣಾಜಪ್ಪನವರು ಕಣ್ಣು ಮುಚ್ಚಿ ಹಾಡುತ್ತಾ ಹಾಡುತ್ತಾ ನೆರೆಮನೆಗೆ ಕಾಲಿಟ್ಟರು.

ಅಂಬುಜ ಅವರ ಮುಖ ನೋಡಿದಳು. ಇವರಾ? ಇವರು ತಪ್ಪುವುದಾ?

ಅವಳ ಕೈಗೆ ಸುಳ್ಳು ಗೊತ್ತಿರಲಿಲ್ಲವಲ್ಲ. ಅವರು ಹಾಡಿ ನಿಲ್ಲಿಸಿದ ಕೂಡಲೇ ಅವಳು ಸರಿಯಾದ ದರ್ಬಾರನ್ನೇ ನುಡಿಸಿದಳು. ಗಾಂಧಾರವನ್ನು ಎರಡು ಸಲ ಒತ್ತಿ, ಗಟ್ಟಿಯಾಗಿ, ಸ್ಪಷ್ಟವಾಗಿ.

ಅಣ್ಣಾಜಪ್ಪ ಕಣ್ಣು ತೆರೆದು ಅವಳ ಕಡೆ ತಿರುಗಿದರು. ಇನ್ನೊಂದು ಸಲ ನಾಯಕಿಯನ್ನೇ ಹಾಡಿದರು. ಅವಳು ಇನ್ನೊಂದು ಸಲ ದರ್ಬಾರನ್ನೇ ನುಡಿಸಿದಳು.

ಮುಂದಿನ ಸಾಲಿನಲ್ಲಿ ಪೇಟ ಕಟ್ಟಿಕೊಂಡು ಕೂತಿದ್ದ ಒಬ್ಬ ದೊಡ್ಡಮನುಷ್ಯರು ಲೊಚಗುಟ್ಟಿದರು. "ಛೆ, ಮುದುಕರಿಗೆ ರಾಗ ತಪ್ಪಿತು. ಹುಡುಗಿ ಗಟ್ಟಿಗಿತ್ತಿ!" ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ಕೇಳಬೇಕೇ, ಎಲ್ಲರೂ ತಟ್ಟಿದರು.

ಅಣ್ಣಾಜಪ್ಪ ಹಾಡುವುದನ್ನು ನಿಲ್ಲಿಸಿದರು.

ಮೃದಂಗದವರ ಕೈ ಚರ್ಮದ ಮೇಲೇ ನಿಂತಿತು. ಕಚೇರಿ ಇನ್ನೂ ಅರ್ಧ ಬಾಕಿ. ಅಣ್ಣಾಜಪ್ಪ ಮಂಗಳ ಹಾಡಿ ಸಭೆಗೆ ಕೈ ಮುಗಿದುಬಿಟ್ಟರು.

ತಾಂಬೂಲದ ತಟ್ಟೆ ಬಂತು. ಅವರು ಅದನ್ನು ಎರಡು ಪಾಲು ಮಾಡಲಿಲ್ಲ. ತಟ್ಟೆಯನ್ನೇ ಎತ್ತಿ ಅಂಬುಜಳ ಮಡಿಲಿಗೆ ಇಟ್ಟರು. ಎಲೆ, ಅಡಿಕೆ, ತೆಂಗಿನಕಾಯಿ, ಎಲ್ಲಾ.

"ಸರಿ ನಿನ್ನದೇ ಮಗಳೇ," ಅಂದು ಎದ್ದು ಹೋದರು.

ಅಂಬುಜಳಿಗೆ ನೆಲ ಕಾಣಲಿಲ್ಲ. ಅರ್ಧ ಸಿಕ್ಕರೆ ಸಾಕು ಅಂತ ಬಂದವಳಿಗೆ ಪೂರ್ತಿ! ತಟ್ಟೆ ಎದೆಗೊತ್ತಿಕೊಂಡು ಹೊಳೆಯ ದಾರಿ ಹಿಡಿದು ಓಡಿದಳು.

ಗುರುಗಳು ಜಗಲಿಯ ಮೇಲೆ ಕೂತು ಕಮಾನಿಗೆ ರಾಳ ತಿಕ್ಕುತ್ತಿದ್ದರು.

"ಗುರುಗಳೇ, ಕೊಟ್ಟರು!"

"ಅರ್ಧ ಕೊಟ್ಟನೇ?"

"ಅರ್ಧ ಅಲ್ಲ ಗುರುಗಳೇ, ನೋಡಿ, ಪೂರ್ತಿ ಕೊಟ್ಟರು!"

ಗುರುಗಳ ಕೈಯಿಂದ ರಾಳದ ಬಿಲ್ಲೆ ಬಿದ್ದು ಎರಡು ಹೋಳಾಯಿತು.

ಎದ್ದರು. ಮೆಟ್ಟಿಲಿಳಿದರು. ಉಟ್ಟ ಪಂಚೆಯಲ್ಲೇ ಹೊಳೆಗಿಳಿದು ಮೂರು ಸಲ ಮುಳುಗೆದ್ದರು.

ಅಂಬುಜ ತಟ್ಟೆ ಹಿಡಿದು ದಡದಲ್ಲೇ ಕಲ್ಲಾದಳು. ಉಟ್ಟ ಬಟ್ಟೆಯಲ್ಲಿ ಮುಳುಗುವುದು ಯಾವಾಗ? ಸಾವಿನ ಸುದ್ದಿ ಕೇಳಿದಾಗ.

"ಗುರುಗಳೇ... ಯಾರು ಹೋದರು?"

"ಒಬ್ಬ ಹಾಡುಗಾರ."

"ಅಯ್ಯೋ! ಅಣ್ಣಾಜಪ್ಪನವರನ್ನು ಈಗ ತಾನೇ ನೋಡಿ ಬಂದೆನಲ್ಲ. ಚೆನ್ನಾಗಿದ್ದರು!"

"ಅಣ್ಣಾಜಪ್ಪ ಇದ್ದಾನೆ. ಹಾಡುಗಾರ ಹೋದ." ಗುರುಗಳು ನೀರಿನಲ್ಲೇ ನಿಂತು ಹೇಳಿದರು. "ಅರ್ಧ ಕೊಟ್ಟು ಅರ್ಧ ಯಾಕೆ ಇಟ್ಟುಕೊಳ್ತಾರೆ ಗೊತ್ತೇ? ಮುಂದಿನ ಕಚೇರಿಗೂ ನಾನಿದ್ದೇನೆ ಅಂತ. ಪೂರ್ತಿ ಕೊಟ್ಟವನು ಇನ್ನು ಬಾಯಿ ತೆರೆಯೋದಿಲ್ಲ. ಏನು ಮಾಡಿದೆ ಹೇಳು."

ಅಂಬುಜ ಆದದ್ದನ್ನೆಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣಗಾಯಿತು.

"ಅವನು ತಪ್ಪಿದ್ದು ಯಾರಿಗೆ ತಿಳೀತು?"

"ಎಲ್ಲರಿಗೂ."

"ಹೇಗೆ ತಿಳೀತು?"

ಹೇಗೆ ತಿಳಿಯಿತು ಅನ್ನುವುದು ಅವಳಿಗೆ ಆಗ ತಿಳಿಯಿತು. ಆದರೂ ಅವಳಿಗೆ ತಡೆಯಲಾಗಲಿಲ್ಲ.

"ಹಾಗಾದರೆ ನಾನೂ ಅವರ ಜೊತೆ ತಪ್ಪು ನುಡಿಸಬೇಕಿತ್ತೇ? ಸ್ವರ ಜಾರಿದರೆ ಸುಳ್ಳು ಅಂತ ಬೈದು ಬೈದು ಬೆಳೆಸಿದವರು ನೀವೇ ಅಲ್ಲವೇ?"

"ಹೌದು. ನಾನೇ."

"ಮತ್ತೆ?"

"ನನ್ನನ್ನು ಕೇಳಬೇಡ. ಹೋಗಿ ಅವನನ್ನೇ ಕೇಳು. ಅವನು ಮತ್ತೆ ಹಾಡೋವರೆಗೆ ನೀನು ಯಾರಿಗೂ ಪಾಠ ಹೇಳೋ ಹಾಗಿಲ್ಲ."

ಪಾಠಶಾಲೆಯೂ ಹೋಯಿತು, ಪಾಪ. ಮರುದಿನ ಬೆಳಿಗ್ಗೆ ಅದೇ ತಟ್ಟೆ ಹಿಡಿದುಕೊಂಡು ಅಂಬುಜ ಅಣ್ಣಾಜಪ್ಪನವರ ಮನೆಗೆ ಹೋದಳು.

ಅವರ ಹೆಂಡತಿ ಪುಟ್ಟತಾಯಮ್ಮ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಿ ನೋಡಿದರು.

"ಏನಮ್ಮ, ತಿದ್ದೋದು ಇನ್ನೂ ಏನಾದರೂ ಉಳೀತೇನು?"

ಅಂಬುಜ ಬಾಗಿಲಲ್ಲೇ ನಿಂತಳು.

"ನಾನು ಈ ಮನೆಗೆ ಬಂದಾಗಿನಿಂದ ಅವರು ಹಾಡದೆ ಹಲ್ಲುಜ್ಜಿದವರಲ್ಲ ಕಣಮ್ಮ. ಬಾಯ್ತುಂಬ ಇದ್ದಿಲಪುಡಿ ಇಟ್ಟುಕೊಂಡೇ ಹಾಡೋರು. ಕರೀ ಉಗುಳು ಗೋಡೆಗೆಲ್ಲ ಹಾರುತ್ತೆ ಅಂತ ದಿನಾ ಜಗಳ ಆಡಿದೀನಿ." ಪುಟ್ಟತಾಯಮ್ಮನ ಕೈ ಮೊರದಲ್ಲಿ ನಿಂತಿತು. "ಇವತ್ತು ಸುಮ್ಮನೆ ಉಜ್ಜಿದರು. ಒಳಗೆ ಹೋಗು."

ಒಳಗೆ ತಂಬೂರಿ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಬಿರಡೆಗಳನ್ನು ಸಡಿಲಿಸಿ ತಂತಿ ಇಳಿಸಿದ್ದರು. ಅಂಬುಜ ಅದನ್ನು ನೋಡಿ ಹೆದರಿಬಿಟ್ಟಳು.

"ಬಂದೆಯಾ ಮಗಳೇ? ಕೂರು."

ಅವಳು ಕೂರಲಿಲ್ಲ. ತಟ್ಟೆಯನ್ನು ಅವರ ಮುಂದಿಟ್ಟು ಕಾಲಿಗೆ ಬಿದ್ದಳು.

"ನನ್ನದು ತಪ್ಪಾಯಿತು. ಇದರಲ್ಲಿ ಅರ್ಧ ಇಟ್ಟುಕೊಳ್ಳಿ."

"ನಿನ್ನದೇನು ತಪ್ಪು? ನೀನು ನುಡಿಸಿದ್ದು ಒಳ್ಳೇ ದರ್ಬಾರು." ಅಣ್ಣಾಜಪ್ಪನವರ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನನಗೆ ನೆರೆಮನೆಗೆ ಹೋದದ್ದೇ ಗೊತ್ತಾಗಲಿಲ್ಲ ನೋಡು. ನಿನ್ನ ಪಿಟೀಲು ಕೇಳಿಸಿದಾಗ ನಾನು ಏನಂದುಕೊಂಡೆ ಹೇಳಲೇ?"

"ಏನಂದುಕೊಂಡಿರಿ?"

"ಅಯ್ಯೋ ಪಾಪ, ಹುಡುಗಿ ಹೆದರಿಕೊಂಡು ರಾಗ ತಪ್ಪಿಬಿಟ್ಟಳು ಅಂದುಕೊಂಡೆ. ಮೊದಲನೇ ಕಚೇರಿ, ಜನ ನಗಬಾರದು, ಇವಳ ತಪ್ಪನ್ನು ಹೇಗಾದರೂ ಮುಚ್ಚೋಣ ಅಂತ ನಿನ್ನ ಕಡೆ ತಿರುಗಿದೆ. ನಿನಗೆ ದಾರಿ ಸಿಗಲಿ ಅಂತಲೇ ಇನ್ನೊಂದು ಸಲ ಹಾಡಿದೆ." ಅವರು ನಕ್ಕರು. "ಚಪ್ಪಾಳೆ ಬಿದ್ದಾಗ ತಿಳೀತು, ತಪ್ಪಿದ್ದು ಯಾರು ಅಂತ."

ಅಂಬುಜಳಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಅವರು ತಿರುಗಿ ನೋಡಿದ್ದು ಗದರಿಸುವುದಕ್ಕೆ ಅಂತಲೇ ಅವಳು ತಿಳಿದಿದ್ದಳು.

ಅವಳು ತಟ್ಟೆಯನ್ನು ಇನ್ನೊಮ್ಮೆ ಅವರ ಕಡೆ ಸರಿಸಿದಳು.

"ಕೊಟ್ಟ ತಾಂಬೂಲ ವಾಪಸ್ಸು ತಗೊಳ್ಳೋದಿಲ್ಲ ಮಗಳೇ. ಮನೆಗೆ ಹೋಗು. ಬಿಸಿಲೇರುತ್ತೆ."

ಅಂಬುಜ ಹೊಳೆಯ ದಂಡೆಗೆ ಮರಳಿ ಬಂದು ಗುರುಗಳ ಮುಂದೆ ಕೂತಳು. ಅಣ್ಣಾಜಪ್ಪ ಹೇಳಿದ್ದನ್ನು ಹೇಳಿದಳು. ಗುರುಗಳು ಕೇಳಿಸಿಕೊಂಡು ತಮ್ಮ ಪಿಟೀಲನ್ನು ಮಡಿಲಿಗೆ ಎಳೆದುಕೊಂಡರು.

"ಪಟ್ಟಾಭಿಷೇಕದ ದಿನ ನಾನು ಕಚೇರಿ ಮಾಡ್ತೀನಿ," ಅಂದರು.

ಅಂಬುಜ ಬೆಚ್ಚಿದಳು. ರಾಮೋತ್ಸವದ ಕೊನೆಯ ದಿನ ಪಟ್ಟಾಭಿಷೇಕ. ಜನ ಕಿಕ್ಕಿರಿದು ಸೇರುವ ದಿನ. ಗುರುಗಳು ಸಭೆಯಲ್ಲಿ ನುಡಿಸಿ ವರ್ಷಗಳೇ ಆಗಿದ್ದವು.

"ನೀನೂ ಪಿಟೀಲು ತಗೊಂಡು ನನ್ನ ಹಿಂದೆ ಕೂರು."

ಅಣ್ಣಾಜಪ್ಪನವರನ್ನು ಕರೆಯಲು ಗುರುಗಳು ತಾವೇ ಹೋದರು.

"ನಾನು ಹಾಡೋದಿಲ್ಲ ರಂಗಾ. ಮುಗೀತು."

"ಹಾಡು ಅಂತ ಯಾವನು ಕೇಳಿದ? ನಿನ್ನ ಹಾಡು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ತಂಬೂರಿ ಮೀಟೋರು ಬೇಕು, ಬಾ. ಅದಕ್ಕೆ ಬಾಯಿ ಬೇಡ."

ಪುಟ್ಟತಾಯಮ್ಮ ಒಳಗಿನಿಂದ ಕೂಗಿದರು. "ಕರಕೊಂಡು ಹೋಗಪ್ಪ! ಈ ಮನೇಲಿ ಇಷ್ಟು ನಿಶ್ಶಬ್ದ ನನಗೆ ಒಗ್ಗೋದಿಲ್ಲ."

ಪಟ್ಟಾಭಿಷೇಕದ ಸಂಜೆ ರಾಮಮಂದಿರದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಪೇಟದ ದೊಡ್ಡಮನುಷ್ಯರು ಮುಂದಿನ ಸಾಲಿನಲ್ಲೇ ಇದ್ದರು. ಗವಿರಂಗಯ್ಯ ನಡುವೆ, ಅವರ ಬೆನ್ನ ಹಿಂದೆ ಅಂಬುಜ, ಪಕ್ಕದಲ್ಲಿ ತಂಬೂರಿ ಹಿಡಿದು ತಲೆ ತಗ್ಗಿಸಿಕೊಂಡ ಅಣ್ಣಾಜಪ್ಪ.

ಗುರುಗಳು ಮೊದಲು ನುಡಿಸಿದ್ದನ್ನು ಕೇಳಿ ಜನ ಮಂತ್ರ ಹಾಕಿದಂತೆ ಕೂತರು. ಅಂಬುಜ ಹಿಂದಿನಿಂದ ಮೆಲ್ಲಗೆ ಜೊತೆಗೂಡಿದಳು.

ಆಮೇಲೆ ಗುರುಗಳು ಎತ್ತಿಕೊಂಡರು ನೋಡಿ, ದರ್ಬಾರು!

ಸಭೆಯಲ್ಲಿ ಪಿಸುಗುಟ್ಟಿದರು. ಬೇರೆ ರಾಗವೇ ಇರಲಿಲ್ಲವೇ ಇವರಿಗೆ? ತಂಬೂರಿ ಮೀಟುತ್ತಿದ್ದ ಅಣ್ಣಾಜಪ್ಪನವರ ತಲೆ ಇನ್ನಷ್ಟು ತಗ್ಗಿದ್ದು ಅಂಬುಜಳಿಗೆ ಕಾಣಿಸಿತು.

ಗುರುಗಳು ದರ್ಬಾರನ್ನು ಮೇಲಕ್ಕೆ ಏರಿಸಿದರು. ಅಲ್ಲಿ ತುಸು ನಿಂತರು. ಇಳಿಯುತ್ತಾ ಬಂದರು. ಗಾಂಧಾರವನ್ನು ಎರಡು ಸಲ ಒತ್ತಬೇಕಾದ ಜಾಗ ಬಂತು.

ಒತ್ತಲಿಲ್ಲ. ಮೆಲ್ಲಗೆ ಮುಟ್ಟಿ ಬಿಟ್ಟರು.

ನಾಯಕಿ! ಗವಿರಂಗಯ್ಯನವರು ನೆರೆಮನೆಯಲ್ಲಿ!

ಇನ್ನೊಂದು ಸಲ ಅದೇ ದಾರಿ. ಗುರುಗಳ ಕತ್ತಿನ ಹಿಂದೆ ಬೆವರಿನ ಗೆರೆಯೊಂದು ಇಳಿಯಿತು.

ಮುಂದಿನ ಸಾಲಿನ ದೊಡ್ಡಮನುಷ್ಯರು ಲೊಚಗುಟ್ಟಲು ಬಾಯಿ ಸೊಟ್ಟ ಮಾಡಿದ್ದೇ ತಡ, ಅಂಬುಜಳ ಕಮಾನು ಹೊರಟಿತು. ಒಲೆಯ ಮೇಲೆ ಹಾಲು ಉಕ್ಕಿದರೆ ಕೈ ಯಾರನ್ನಾದರೂ ಕೇಳಿ ಓಡುತ್ತದೆಯೇ? ಹಾಗೆ ಓಡಿತು. ಅವಳೂ ಗಾಂಧಾರವನ್ನು ಒತ್ತಲಿಲ್ಲ. ಗುರುಗಳು ಎಷ್ಟು ಮೆಲ್ಲಗೆ ಮುಟ್ಟಿದ್ದರೋ ಅಷ್ಟೇ ಮೆಲ್ಲಗೆ ಮುಟ್ಟಿದಳು. ಸುಳ್ಳು ಮರೆತಿದ್ದ ಆ ಕೈ, ನಾಯಕಿಯ ಮನೆಯೊಳಗೆ ಗುರುಗಳ ಪಕ್ಕ ಹೋಗಿ ಕೂತುಬಿಟ್ಟಿತು.

ಈಗ ತಪ್ಪಿದವರು ಇಬ್ಬರು. ವಾಪಸ್ಸು ಬರುವುದು ಹೇಗೆ?

ಅವಳಿಗೆ ಅದು ಗೊತ್ತಿರಲಿಲ್ಲ. ಎದುರಿಗೆ ತುಂಬಿದ ಸಭೆ.

ಆಗ ತಂಬೂರಿಯ ಪಕ್ಕದಿಂದ ಒಂದು ದನಿ ಎದ್ದಿತು.

ಅಣ್ಣಾಜಪ್ಪ!

ಕಣ್ಣು ಮುಚ್ಚಿರಲಿಲ್ಲ ಈ ಸಲ. ಗವಿರಂಗಯ್ಯನವರ ಮುಖವನ್ನೇ ನೋಡುತ್ತಾ ಹಾಡಿದರು. ಮೊದಲು ನಾಯಕಿಯನ್ನೇ ಹಾಡಿದರು, ಇಲ್ಲಿಗೇ ಬರಬೇಕೆಂದು ಹೊರಟವರ ಹಾಗೆ, ಸಾವಧಾನವಾಗಿ, ನೆಂಟರ ಮನೆಯಲ್ಲಿ ನೀರು ಕುಡಿದು ಕೂತವರ ಹಾಗೆ. ಆಮೇಲೆ ಎರಡು ಮನೆಗೂ ಸಲ್ಲುವ ಸ್ವರಗಳ ಒಂದು ಸಾಲು ಹಿಡಿದು ಮೇಲೇರಿದರು. ಇಳಿಯುವಾಗ ಗಾಂಧಾರವನ್ನು ಒತ್ತಿದರು. ಒಂದು. ಎರಡು.

ದರ್ಬಾರು ಮನೆಗೆ ಬಂತು.

ಗುರುಗಳ ಪಿಟೀಲು ಅವರ ಹಿಂದೆ ಬಂತು. ಅಂಬುಜಳ ಪಿಟೀಲು ಗುರುಗಳ ಹಿಂದೆ ಬಂತು. ಸಭೆ ಎದ್ದು ನಿಂತಿತು.

"ಎಂಥ ಜೋಡಣೆ! ನಾಯಕಿಯನ್ನು ತೋರಿಸಿ ದರ್ಬಾರಿಗೆ ಕರೆತಂದರು!"

"ನನಗೆ ಮೊದಲೇ ಗೊತ್ತಿತ್ತು," ಅಂದರು ಪೇಟದ ದೊಡ್ಡಮನುಷ್ಯರು.

ತಾಂಬೂಲದ ತಟ್ಟೆ ಗವಿರಂಗಯ್ಯನವರ ಕೈಗೆ ಬಂತು. ಅವರು ಅರ್ಧ ತೆಗೆದು ಅಣ್ಣಾಜಪ್ಪನವರಿಗೆ ಕೊಟ್ಟರು. ಅಣ್ಣಾಜಪ್ಪ ತಮ್ಮ ಅರ್ಧದಲ್ಲಿ ಅರ್ಧ ತೆಗೆದು ಅಂಬುಜಳ ಕೈಗೆ ಹಾಕಿದರು.

"ಚೌತಿಗೆ ಹಾಡ್ತೀನಿ ಮಗಳೇ. ಪಕ್ಕದಲ್ಲಿ ನೀನೇ ಕೂರಬೇಕು. ನಿನ್ನ ಜೊತೆ ಭಯವಿಲ್ಲ."

ಅಂಬುಜ ಅತ್ತುಬಿಟ್ಟಳು.

ಹೊಳೆಯ ದಂಡೆಯಲ್ಲಿ ಗುರು ಶಿಷ್ಯೆ ಮನೆಗೆ ನಡೆದರು. ಗುರುಗಳ ಪಿಟೀಲೂ ಅವಳ ಹೆಗಲಿಗೇ ಬಂದಿತ್ತು.

"ನಾಳೆ ಪಾಠಶಾಲೆಗೆ ಹೋಗು," ಅಂದರು ಗುರುಗಳು. "ಮಕ್ಕಳು ಕಾಯ್ತಿರ್ತವೆ."

ಅವಳು ಅಲ್ಲೇ ಮರಳಿನ ಮೇಲೆ ಅವರ ಕಾಲು ಮುಟ್ಟಿದಳು.

"ಗುರುಗಳೇ, ನನಗೀಗ ಎಲ್ಲಾ ಅರ್ಥವಾಯಿತು. ಅವರನ್ನು ಹಾಡಿಸಬೇಕು, ನನಗೂ ಬುದ್ಧಿ ಕಲಿಸಬೇಕು ಅಂತ, ಅಷ್ಟು ಜನರ ಮುಂದೆ ನಿಮ್ಮ ಹೆಸರನ್ನೇ ಪಣಕ್ಕಿಟ್ಟಿರಿ. ಬೇಕಂತಲೇ ದಾರಿ ತಪ್ಪಿದಿರಿ. ಅಂಥ ಧೈರ್ಯ ಯಾರಿಗೆ ಬರುತ್ತೆ!"

ಗುರುಗಳು ನಡೆಯುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದರು.

"ಬೇಕಂತಲೇ ತಪ್ಪಿದೆ ಅಂತ ನಿನಗೆ ಯಾರು ಹೇಳಿದರು ಮಗೂ?"